ಹಾಯಿಬಟ್ಟೆಯ ಪಟ್ಟಿ

ಮೊನ್ನೆ ನಿಮ್ಮ ದೊಡ್ಡಣ್ಣ ಅಂಗಳದಲ್ಲಿ ಕರೆಂಟಿನ ಮಿಷನ್ನು ಇಟ್ಟುಕೊಂಡು ಕತ್ತಿ ಉಜ್ಜುತ್ತಿದ್ದ. ಕಾದ ಕಬ್ಬಿಣದ ವಾಸನೆ ಅಡಿಗೆಮನೆಗೂ ಬಂತು. ಅದರ ಉಜ್ಜುವ ಪಟ್ಟಿ ಎಷ್ಟು ನುಣ್ಣಗೆ, ಒಂದು ಬಡಿತವೂ ಇಲ್ಲದೆ ತಿರುಗುತ್ತಿತ್ತೆಂದರೆ ನನಗೆ ಒಳಗೊಳಗೇ ಅಂಜಿಕೆಯಾಯಿತು. ಮಕ್ಕಳೇ, ಬಾಯಲ್ಲಿ ಹೇಳಲು ನನಗೆ ಸಂಕೋಚ. ಊರ ಶಾಲೆಯ ಅಕ್ಷರದಲ್ಲಿ ಬರೆಯುತ್ತೇನೆ, ನಗಬೇಡಿ.

ನಾನು ಈ ಬಾಡ ಊರಿಗೆ ಸೊಸೆಯಾಗಿ ಬಂದಾಗ ಯುದ್ಧದ ಕಾಲ. ನಿಮ್ಮ ಅಜ್ಜ ಕತ್ತಿ, ತರಕಾರಿ ಹೆಚ್ಚುವ ಮೆಟ್ಟುಗತ್ತಿಗಳಿಗೆ ಹೊಳಪು ಕೊಡುತ್ತಿದ್ದರು. ಕುಮಟೆಯ ಅಂಗಡಿಗಳಲ್ಲಿ ಉಜ್ಜುವ ಕಾಗದ ಸಿಗದಾದಾಗ, ಮುರಿದ ಹೊಲಿಗೆ ಮಿಷನ್ನಿನ ಕಾಲುಮಣೆಗೆ ಎರಡು ಮರದ ಉರುಳೆ ಜೋಡಿಸಿದರು. ಅವುಗಳ ಮೇಲೆ ಓಡುತ್ತಾ ಕತ್ತಿ ಉಜ್ಜುವ ಪಟ್ಟಿಗೆ ಗಟ್ಟಿ ಬಟ್ಟೆ ಬೇಕಿತ್ತು. ಮನೆಯಲ್ಲಿದ್ದದ್ದು ಒಂದೇ, ನನ್ನ ಮೈದುನ ಹಾಸಿ ಮಲಗುತ್ತಿದ್ದ ಹಳೆಯ ಹಾಯಿಬಟ್ಟೆ. ಮೈದುನ ಹಂಚು ತುಂಬಿದ ಹಾಯಿದೋಣಿ, ಮಚ್ವೆಯಲ್ಲಿ ಮುಂಬಯಿಗೆ ಹೋದವನು. ಮಚ್ವೆ ಮುಟ್ಟಲಿಲ್ಲ, ಮರಳಲೂ ಇಲ್ಲ.

ಅಜ್ಜ ಅದನ್ನು ಕತ್ತರಿಸಿದ್ದು ಕಂಡು ನನ್ನ ಅತ್ತೆ ಕೂಗಲಿಲ್ಲ. "ಅಂವ ಬಂದ್ರೆ ಎಲ್ಲಿ ಮಲಗ್ತಾ?" ಎಂದಷ್ಟೇ ಕೇಳಿದರು.

ಅಜ್ಜ ಬಡಗಿಯ ಅಂಟು ಕಾಯಿಸಿ ಬಟ್ಟೆಗೆ ಬಳಿದು, ಮೇಲೆ ಜರಡಿ ಹಿಡಿದ ಮರಳು ಉದುರಿಸಿದರು. ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿದರು. ಪಕ್ಕದ ಮನೆಯವನು ಬೇಲಿಯಾಚೆಯಿಂದ, "ಎಂತ ಮಾರಾಯಾ, ಕತ್ತಿಗೆ ಅಂಗಿ ಹೊಲೀತ್ಯಾ?" ಎಂದ. ನಾನು ಸೆರಗಿನಲ್ಲಿ ನಕ್ಕೆ.

ಪಟ್ಟಿ ತಿರುಗಿತು. ದಪ್ಪವಾದ ಹೊಲಿಗೆ ಪ್ರತಿ ಸುತ್ತಿಗೂ ಮರಕ್ಕೆ ಬಡಿದು ಟಕ್, ಟಕ್ ಎಂದಿತು. ಒಳಗಿಂದ ಅತ್ತೆ, "ತಂಗೀ, ಬಾಗ್ಲ ತೆಗಿ. ಅಂವ ಬಂದ" ಎಂದರು.

ಮೊದಲ ದಿನ ತೆಗೆದೆ. ಆಮೇಲೆ ಅದೇ ಅಭ್ಯಾಸವಾಯಿತು. ಅಜ್ಜ ಕಾಲುಮಣೆ ತುಳಿದರೆ ನಾನು ಒಲೆಯ ಮೇಲಿನ ಸಾರು ಬಿಟ್ಟು ಹಿಂಬಾಗಿಲ ಅಗಳಿ ತೆಗೆಯಬೇಕು. ಆ ಸದ್ದು ಇರುವಷ್ಟು ಹೊತ್ತು ಅತ್ತೆ ಗಂಜಿ ಉಣ್ಣುತ್ತಿದ್ದರು. ಬೇರೆ ಹೊತ್ತು ತಟ್ಟೆ ಮುಟ್ಟುತ್ತಿರಲಿಲ್ಲ.

ಅಜ್ಜನಿಗೆ ಇದು ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಹೊಲಿಗೆ ಬಿಚ್ಚಿ, ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದಕ್ಕೊಂದು ತಾಗಿಸಿ ಅಂಟಿಸಿದರು. ಅಂಟು ಒಣಗಿದ ಮೇಲೆ ಪಟ್ಟಿ ಸದ್ದಿಲ್ಲದೆ ಓಡಿತು.

"ಎಂತಕ್ಕೆ ನಿಲ್ಲಿಸ್ದೆ?" ಅತ್ತೆ ಕೇಳಿದರು.

"ನಿಲ್ಲಿಸ್ಲಿಲ್ಲ ಅವ್ವೀ, ತಿರುಗ್ತೇ ಅದೆ."

ಆಗ ಹಿಂಬಾಗಿಲು ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ, ಅದೇ ಲಯದಲ್ಲಿ. ಅಜ್ಜನ ಕಾಲು ನಿಂತಿತು. ಪಟ್ಟಿಯೂ ನಿಂತಿತು. ಬಾಗಿಲು ನಿಲ್ಲಲಿಲ್ಲ. ನಾನು ಹೋಗಿ ತೆರೆದೆ. ಗಾಳಿಯಿಲ್ಲ, ತೆಂಗಿನ ಗರಿ ಅಲುಗುತ್ತಿಲ್ಲ, ಬಿಸಿಲಿನಲ್ಲಿ ಯಾರೂ ಇಲ್ಲ. ಆದರೂ ಯಾರೋ ಒಳಗೆ ಬರಲೆಂಬಂತೆ ನಾನು ಪಕ್ಕಕ್ಕೆ ಸರಿದು ನಿಂತಿದ್ದೆ.

ಅತ್ತೆ ಮಗನನ್ನು ಬೈಯಲಿಲ್ಲ. "ನೀ ಹಾದಿ ಮುಚ್ಚಿದ್ದೆ. ಅಂವ ಸುತ್ತಿ ಬಂದ" ಎಂದರು.

ಸಂಜೆಯೊಳಗೆ ಅಜ್ಜ ಪಟ್ಟಿಯನ್ನು ಮತ್ತೆ ದಪ್ಪಗೆ ಹೊಲಿದರು. ಕತ್ತಿಯ ಮೇಲೆ ಗೆರೆ ಬೀಳುತ್ತದೆಂದು ಜನ ದೂರಿದರೆ "ಇರ್ಲಿ" ಎನ್ನುತ್ತಿದ್ದರು. ಅತ್ತೆ ಇರುವವರೆಗೆ ಅದಕ್ಕೆ ಹೊಸ ಮರಳು ಬಿತ್ತೇ ಹೊರತು ಬಟ್ಟೆ ಬದಲಾಗಲಿಲ್ಲ.

ಈಗ ನಿಮ್ಮ ಅಜ್ಜನೂ ಇಲ್ಲ. ಮೊನ್ನೆ ಅಂಗಳದ ಆ ನುಣುಪು ಪಟ್ಟಿಯನ್ನು ಕೇಳುತ್ತಾ ಕೂತಿದ್ದವಳು ಎದ್ದು ಹೋಗಿ ಹಿಂಬಾಗಿಲ ಅಗಳಿ ತೆಗೆದೆ. ಆಗ ಅಂಜಿಕೆ ಉಳಿದಿರಲಿಲ್ಲ. ಒಳಗೆ ಮೈದುನನಿಗೊಂದು, ನಿಮ್ಮ ಅಜ್ಜನಿಗೊಂದು, ಎರಡು ಚಾಪೆ ಹಾಸಿದೆ.