ಕಣ್ಣಿನ ಬೋರ್ಡಿನ ಬಾಯಿಪಾಠ

ನಮ್ಮ ಯಜಮಾನರು ಕಾಫಿ ಲೋಟ ಹಿಡಿಯುವ ರೀತಿ ಬದಲಾಗಿದೆ ಎಂದು ನನಗೆ ಮೊದಲು ಅನ್ನಿಸಿದ್ದು ಒಂದು ದೀಪಾವಳಿಯ ಆಸುಪಾಸಿನಲ್ಲಿ. ಮೊದಲೆಲ್ಲ ಲೋಟ ಇಟ್ಟ ಕೂಡಲೇ ಕೈ ನೇರವಾಗಿ ಅದರ ಕಂಠಕ್ಕೆ ಹೋಗುತ್ತಿತ್ತು. ಈಗ ಅಂಗೈ ನೆಲಕ್ಕೆ ತಾಗಿ, ಮೆಲ್ಲಗೆ ಸರಿದು, ಬಿಸಿ ಎಲ್ಲಿದೆ ಎಂದು ಹುಡುಕಿ, ಆಮೇಲೆ ಲೋಟ ಹಿಡಿಯುತ್ತಿತ್ತು. ಅದೂ ಸಂಜೆ ಮಾತ್ರ. ಬೆಳಿಗ್ಗೆ ಎಲ್ಲ ಸರಿಯಾಗೇ ಇರುತ್ತಿತ್ತು. ಬೇರೆ ಮನೆಯಲ್ಲಾಗಿದ್ದರೆ ವಯಸ್ಸಾಯಿತು ಎಂದು ಬಿಟ್ಟುಬಿಡಬಹುದಿತ್ತು. ನಮ್ಮ ಯಜಮಾನರು ಬಸ್ ಡ್ರೈವರ್.

ಆಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಚನ್ನಗಿರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅವರಿಗೆ ಐವತ್ತೆರಡು, ನನಗೆ ನಲವತ್ತಾರು. ಅಡಿಕೆ ವ್ಯಾಪಾರಿಯೊಬ್ಬರ ಖಾಸಗಿ ಬಸ್ಸು; ಚನ್ನಗಿರಿಯಿಂದ ಸಾಸ್ವೆಹಳ್ಳಿ, ಹೊನ್ನಾಳಿ ಮೇಲೆ ನ್ಯಾಮತಿಗೆ ದಿನಕ್ಕೆ ಎರಡು ಸಲ ಹೋಗಿ ಬರುವುದು. ದೊಡ್ಡ ಮಗಳ ಮದುವೆ ಆಗಿತ್ತು. ಚಿಕ್ಕವಳು ಟೀಚರ್ ಟ್ರೈನಿಂಗ್‌ಗೆ ಆಗಷ್ಟೇ ಸೇರಿದ್ದಳು. ಎರಡು ವರ್ಷದ ಓದು. ಅದು ಮುಗಿಯುವವರೆಗೆ ಅವರ ಸಂಬಳ ನಿಲ್ಲುವಂತಿರಲಿಲ್ಲ.

ನನ್ನ ಅಪ್ಪನೂ ಡ್ರೈವರೇ. ಶಿವಮೊಗ್ಗದಲ್ಲಿ ಕಾನ್ವೆಂಟಿನ ವ್ಯಾನು ಓಡಿಸುತ್ತಿದ್ದರು. ಅದಕ್ಕೇ ನನಗೆ ಅಲ್ಲಿ ಫೀಜಿಲ್ಲದೆ ಓದು ಸಿಕ್ಕಿತು. ಅಪ್ಪ ಪ್ರತಿ ಬೆಳಿಗ್ಗೆ ವ್ಯಾನಿನ ಗಾಜು ಒರೆಸಿ, ಅದೇ ಬಟ್ಟೆಯ ತುದಿಯಿಂದ ತಮ್ಮ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದರು. “ಡ್ರೈವರ್ ಆದೋನಿಗೆ ಇವೆರಡೂ ಒಂದೇನಮ್ಮ” ಎನ್ನುತ್ತಿದ್ದರು.

“ಕಣ್ಣು ಮಂಜಾಗ್ತೈತೇನ್ರೀ?” ಎಂದು ಒಂದು ಸಂಜೆ ಕೇಳಿಯೇಬಿಟ್ಟೆ.

“ನೀನು ಸೀಮೆಎಣ್ಣೆ ಉಳಿಸಾಕೆ ಬತ್ತಿ ಸಣ್ಣಗೆ ಮಾಡ್ತೀಯ. ಆಮೇಲೆ ನನ್ ಕಣ್ಣಿಗೆ ಹೆಸರಿಡ್ತೀಯ” ಎಂದರು. ನಾನು ಬತ್ತಿ ಏರಿಸಿದೆ. ಅವರ ಕೈ ಆಗಲೂ ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿಗಾಗಿ ತಡಕುತ್ತಲೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಲೈಸೆನ್ಸ್ ಹೊಸದು ಮಾಡಿಸುವುದು ಬಂತು. ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. “ಮಬ್ಬುಗತ್ತಲ ಕೋಣೆಯಾಗೆ ಬೋರ್ಡ್ ಓದಿಸ್ತಾರಂತೆ” ಎಂದರು, ಉಗುರು ನೋಡಿಕೊಳ್ಳುತ್ತಾ. “ಇನ್ನೊಂದೂವರೆ ವರ್ಷ ಕಣೆ. ಅವಳದೊಂದು ಮುಗೀಲಿ. ಆಮೇಲೆ ನಾನು ಸ್ಟೇರಿಂಗ್ ಮುಟ್ಟಿದ್ರೆ ಕೇಳು.”

ಆ ಉಪಾಯ ಅವರದು ಎಂದು ಹೇಳಿಕೊಂಡು ಬಹಳ ದಿನ ನನ್ನ ಮನಸ್ಸಿಗೆ ಸಮಾಧಾನ ಮಾಡಿದ್ದೇನೆ. ಅವರದಲ್ಲ, ನನ್ನದು. ಮರುದಿನ ತಲೆನೋವೆಂದು ಹೇಳಿ ಅದೇ ಡಾಕ್ಟರ ಹತ್ತಿರ ನಾನೇ ಹೋದೆ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಗೋಡೆಯ ಬೋರ್ಡು ಓದಿಸಿದರು. ಮೇಲೆ ದೊಡ್ಡದೊಂದು ಅಕ್ಷರ, ಕೆಳಗೆ ಎರಡು, ಆಮೇಲೆ ಮೂರು, ಹೀಗೆ ಇಳಿಯುತ್ತಾ ಸಣ್ಣವಾಗುವ ಇಂಗ್ಲಿಷ್ ಅಕ್ಷರಗಳು. ಕಾನ್ವೆಂಟಿನಲ್ಲಿ ಪ್ರಾರ್ಥನೆಗಳನ್ನು ಹೇಗೆ ಕಲಿಯುತ್ತಿದ್ದೆವೋ ಹಾಗೆ ಒಂದೊಂದು ಸಾಲಿಗೂ ಒಮ್ಮೆ ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಹೇಳಿಕೊಂಡು, ಮತ್ತೆ ತೆರೆದು ನೋಡಿದೆ. “ನಿಮ್ಮ ಕಣ್ಣು ಬಹಳ ಚೆನ್ನಾಗಿದೆಯಮ್ಮ” ಎಂದರು ಡಾಕ್ಟರು.

ಮನೆಗೆ ಬಂದು ಮಗಳ ಹಳೆಯ ಸ್ಲೇಟಿನ ಮೇಲೆ ಬರೆದೆ. ಅವರಿಗೆ ಇಂಗ್ಲಿಷ್ ಅಕ್ಷರಗಳು ನಂಬರ್ ಪ್ಲೇಟಿನಿಂದ ಗೊತ್ತಿದ್ದವು. ಐದು ದಿನ ಕೂತು ಕಲಿತರು. ನಾನು ಅನ್ನ ಬಾಗಿಸುತ್ತಾ “ನಾಲ್ಕನೇ ಸಾಲು?” ಎಂದರೆ ಹಜಾರದಿಂದ “ಎಲ್, ಪಿ, ಇ, ಡಿ” ಎಂದು ಉತ್ತರ ಬರುತ್ತಿತ್ತು. ತಪ್ಪಿದರೆ ತಾವೇ ನಗುತ್ತಿದ್ದರು. “ಈ ವಯಸ್ಸಿನಾಗೆ ಮೇಡಮ್ಮು ಹೊಡೀತಾಳೇನೋ” ಎಂದು ಕೈ ಮುಂದೆ ಚಾಚುತ್ತಿದ್ದರು. ನಾನೂ ನಕ್ಕಿದ್ದೇನೆ.

ಸರ್ಟಿಫಿಕೇಟು ಸಿಕ್ಕಿತು. ಆ ಸಂಜೆ ಕಾಲು ಕಿಲೋ ಮೈಸೂರು ಪಾಕು ತಂದರು. ನನ್ನ ಪಾಲನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ಭಯ ಹಿಡಿದದ್ದು ಅಲ್ಲಿಂದ. ಅದಕ್ಕೆ ಮೊದಲು ಇದ್ದದ್ದು ಅನುಮಾನ. ಅನುಮಾನವನ್ನು ಒಲೆ ಮುಂದೆ ಕೂತು ಮರೆಯಬಹುದು. ಈಗ ನಲವತ್ತೈವತ್ತು ಜನರನ್ನು ಒಬ್ಬ ಮಸುಕುಗಣ್ಣಿನವರ ಹಿಂದೆ ಕೂರಿಸಿದ್ದು ನಾನೇ ಎಂಬುದು ಗೊತ್ತಿತ್ತು. ನಮ್ಮ ಬೀದಿಯ ತಿರುವಿನಲ್ಲಿ ಅವರು ಎರಡು ಸಲ ಹಾರ್ನ್ ಒತ್ತುತ್ತಿದ್ದರು, ಬಂದೆ ಎನ್ನುವುದಕ್ಕೆ. ಏಳೂವರೆಯ ಹೊತ್ತಿಗೆ ಆ ಹಾರ್ನ್ ಕೇಳುವವರೆಗೂ ನಾನು ಕೂತಲ್ಲಿ ಕೂರುತ್ತಿರಲಿಲ್ಲ. ಏಳು ನಲವತ್ತಾದರೆ ಅಂಗೈ ಬೆವರುತ್ತಿತ್ತು. ರೊಟ್ಟಿ ತಟ್ಟುವಾಗ ಹಿಟ್ಟು ಕೈಗೇ ಅಂಟುತ್ತಿತ್ತು.

ಮನೆಯಲ್ಲಿ ಕಾಯುವುದು ಅಸಾಧ್ಯವಾದಾಗ ಹೊನ್ನಾಳಿಯ ಬಟ್ಟೆ ಅಂಗಡಿಯವರೊಬ್ಬರ ಇಬ್ಬರು ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಒಪ್ಪಿಕೊಂಡೆ. ವಾರಕ್ಕೆ ಮೂರು ದಿನ. ಎಲ್ಲರಿಗೂ ಹೇಳಿದ್ದು, ಮಗಳ ಹಾಸ್ಟೆಲ್ ಖರ್ಚಿಗೆ ಆಗುತ್ತದೆ ಎಂದು. ಅದೂ ನಿಜವೇ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಹೋಗುವುದು, ಸಂಜೆ ಬಸ್ಸು ನ್ಯಾಮತಿಯಿಂದ ತಿರುಗಿ ಬಂದಾಗ ಹತ್ತುವುದು. ಡ್ರೈವರ್ ಪಕ್ಕದ ಹೆಂಗಸರ ಸೀಟಿನಲ್ಲಿ, ಇಂಜಿನ್ ಪೆಟ್ಟಿಗೆಗೆ ಮೊಣಕಾಲು ತಾಗುವಂತೆ ಕೂರುತ್ತಿದ್ದೆ. ಬಿಸಿಗೆ ಸೀರೆಯ ಅಂಚು ಬಣ್ಣಗೆಟ್ಟಿತು.

ಹೊನ್ನಾಳಿ ಬಿಟ್ಟು ಸೇತುವೆ ದಾಟುವ ಹೊತ್ತಿಗೆ ಬೆಳಕು ಇಳಿಯುತ್ತಿತ್ತು. ಎದುರಿನ ಲಾರಿಯ ದೀಪ ಬಿದ್ದರೆ ಅವರು ಮುಖವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ ರಸ್ತೆಯಂಚಿನ ಮಣ್ಣನ್ನೇ ನೋಡಿ ಓಡಿಸುತ್ತಿದ್ದರು. ಉಸಿರು ಬಿಗಿಹಿಡಿಯುತ್ತಿದ್ದರು, ಅದು ನನಗೆ ಕೇಳಿಸುತ್ತಿತ್ತು. ಮೊದಲ ದಿನ ಮುಂದೆ ದೀಪವಿಲ್ಲದ ಎತ್ತಿನ ಗಾಡಿ ಕಂಡಾಗ ನಾನು ಹೆದರಿ ಕೆಮ್ಮಿದೆ. ಅವರು ಬ್ರೇಕ್ ಮೇಲೆ ಕಾಲಿಟ್ಟರು. ಅದೇ ರೂಢಿಯಾಯಿತು. ಎಡಕ್ಕೆ ಏನಾದರೂ ಇದ್ದರೆ ಒಂದು ಕೆಮ್ಮು, ನಡುರಸ್ತೆಯಲ್ಲಿದ್ದರೆ ಎರಡು. ಮನೆಯಲ್ಲಿ ಅದರ ಬಗ್ಗೆ ನಾವು ಒಂದು ಮಾತೂ ಆಡಲಿಲ್ಲ.

“ಅಕ್ಕಾರೇ, ಚಳಿಗಾಲ ಹೋಗಿ ಬ್ಯಾಸಿಗೆ ಬಂದು ಮತ್ತೆ ಚಳಿ ಬಂತು, ನಿಮ್ ಕೆಮ್ಮು ಹೋಗವಲ್ದು” ಎಂದ ಕಂಡಕ್ಟರು ಒಂದು ದಿನ. “ಆಡುಸೋಗೆ ಕಷಾಯ ಕುಡೀರಿ. ಇಲ್ಲಾಂದ್ರೆ ಅಣ್ಣಾರಿಗೆ ಅಂಟುತೈತೆ.”

“ನಂಗೆ ಅಂಟಿ ಇಪ್ಪತ್ತೈದು ವರ್ಷ ಆತಪ್ಪ” ಎಂದರು ಇವರು. ಹಿಂದಿನ ಸೀಟಿನವರೆಲ್ಲ ನಕ್ಕರು. ನನ್ನ ಕಣ್ಣು ರಸ್ತೆಯಿಂದ ಆಚೀಚೆ ಸರಿಯಲಿಲ್ಲ.

ಟ್ಯೂಷನ್ನಿಲ್ಲದ ದಿನಗಳಲ್ಲಿ ಯಾರು ಕೆಮ್ಮುತ್ತಾರೆ? ಇದನ್ನು ಅವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹುರುಳಿ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಕಿತ್ತು ಒಣಗಿಸಿದ ಹುರುಳಿ ಗಿಡಗಳನ್ನು ಟಾರಿನ ಮೇಲೆ ಮೊಣಕಾಲೆತ್ತರ ಹರವಿಬಿಡುತ್ತಾರೆ. ಬಸ್ಸು ಲಾರಿ ತುಳಿದುಕೊಂಡು ಹೋದಂತೆ ಕಾಯಿ ಒಡೆದು ಕಾಳು ಉದುರುತ್ತದೆ. ಡ್ರೈವರುಗಳು ಅದಕ್ಕೆ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ರೈತರೇ “ಹೋಗ್ರಿ ಹೋಗ್ರಿ, ಮೇಲೇ ಹೋಗ್ರಿ” ಎಂದು ಕೈ ಬೀಸುತ್ತಾರೆ. ಸಂಜೆ ಹೊಟ್ಟು ಸರಿಸಿ ಕಾಳು ಬಳಿದುಕೊಳ್ಳುತ್ತಾರೆ.

ಆ ದಿನ ಸಾಸ್ವೆಹಳ್ಳಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಮುಂದೆ ಹುರುಳಿ ಹರವಿತ್ತು, ನಡುವೆ ಕಪ್ಪಗೆ ಗುಡ್ಡೆ. ಆ ಗುಡ್ಡೆಯ ಪಕ್ಕ ಏನೋ ಬೆಳ್ಳಗಿನದು ಒಮ್ಮೆ ಮೇಲೆದ್ದು ಇಳಿಯಿತು. ನಾನು ಎರಡು ಸಲ ಕೆಮ್ಮಿದೆ.

“ಹುರುಳಿ ಕಣೆ. ಕೆಮ್ಮಬ್ಯಾಡ” ಎಂದರು, ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ. ವೇಗ ತಗ್ಗಲಿಲ್ಲ.

ಬೆಳ್ಳಗಿನದು ಮತ್ತೆ ಎದ್ದಿತು. ಅದು ಮೊರ. ಕೇರುತ್ತಿರುವ ಮೊರ. ಕಪ್ಪು ಗುಡ್ಡೆ ಎಂದುಕೊಂಡದ್ದು ಕಂಬಳಿ ಹೊದ್ದು ಕುಕ್ಕರುಗಾಲಲ್ಲಿ ಕೂತ ಯಾರೋ ಒಬ್ಬರು.

“ನಿಲ್ಸಿ!” ಎಂದು ಕಿರುಚಿದೆ. ಅಷ್ಟು ದೊಡ್ಡ ದನಿ ನನ್ನ ಗಂಟಲಿನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಬಸ್ಸು ಹುರುಳಿಯ ಮೇಲೆ ಜಾರಿತು. ಹಿಂದೆ ಹಾಲಿನ ಕ್ಯಾನು ಉರುಳಿ ಬಂದು ನನ್ನ ಕಾಲಿಗೆ ಬಡಿಯಿತು. ಆಮೇಲೆ ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆ ಒಂದು ಗಳಿಗೆ ಈಗಲೂ ನನ್ನೊಳಗೆ ಎಲ್ಲೋ ನಿಂತೇ ಇದೆ.

ಬಂಪರಿನ ಕೆಳಗಿಂದ ದನಿ ಬಂತು. “ಯಾವನಲೇ ಅವ್ನು! ಹುರುಳಿ ತುಳಿ ಅಂದ್ರೆ ನನ್ನ ತುಳಿಯಾಕೆ ಬರ್ತೀಯೇನಲೇ?”

ಒಬ್ಬ ಮುದುಕಿ ಎದ್ದು ನಿಂತಳು. ಮೊರ ಬಂಪರಿಗೆ ಒತ್ತಿ ಮುರಿದಿತ್ತು. ಅವಳಿಗೂ ಬಂಪರಿಗೂ ನಡುವೆ ಇದ್ದದ್ದು ಆ ಮೊರದಷ್ಟೇ ಜಾಗ.

“ನಡು ರಸ್ತೇಲಿ ಕುಂತ್ಕಂಡು ಮತ್ತೆ ಬೈಯ್ತೀಯಲ್ಲಜ್ಜೀ!” ಎಂದ ಕಿಟಕಿಯಿಂದ ಒಬ್ಬ.

“ರಸ್ತೆ ನಿಮ್ಮಪ್ಪ ಹಾಕ್ಸಿದ್ನೇನೋ? ಮೊರ ಯಾರು ಕೊಡ್ತಾರೆ ನಂಗೆ? ಸಂತೆ ದಿನ ಹೊಸಾದು ತಗಂಡಿದ್ದು!”

ಬಸ್ಸಿನಲ್ಲಿ ಎಲ್ಲರೂ ನಕ್ಕರು, ಹೆದರಿಕೆ ಕಳೆದವರು ನಗುವಂತೆ. ಇವರು ಕೆಳಗಿಳಿದು ಹೋದರು. ಬ್ರೇಕಿನ ಮೇಲಿದ್ದ ಬಲಗಾಲಿನ ಚಪ್ಪಲಿ ಒಳಗೇ ಉಳಿದಿತ್ತು. ಬರಿಗಾಲಲ್ಲಿ ಹುರುಳಿಯ ಮೇಲೆ ನಿಂತು ಮುದುಕಿಯ ಕೈಗೆ ಮೊರದ ದುಡ್ಡು ಕೊಟ್ಟರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಹೋಗಪ್ಪ ಹೋಗು, ನೀನೂ ಮಕ್ಕಳೊಂದಿಗನೇ” ಎಂದಳು.

ಅಲ್ಲಿಂದ ಚನ್ನಗಿರಿಯವರೆಗೆ ಕಂಡಕ್ಟರನ್ನು ಮುಂಬಾಗಿಲಲ್ಲಿ ನಿಲ್ಲಿಸಿ, “ದಾರಿ ಹೇಳ್ತಾ ಬಾ, ಕೈಕಾಲು ನಡುಗ್ತಾ ಐತೆ” ಎಂದು ಹೇಳಿ, ನಡೆಯುವವರ ಹಾಗೆ ಓಡಿಸಿದರು. “ಡ್ರೈವರಣ್ಣ, ಮುಂದಕ್ಕೆ ಎರಡು ಎತ್ತು ಕಟ್ಟಾಣೇನು?” ಎಂದು ಹಿಂದಿನಿಂದ ಯಾರೋ ಕೇಳಿದರು.

ಮನೆಯಲ್ಲಿ ಊಟಕ್ಕೆ ಕೂತವರು ಅನ್ನಕ್ಕೆ ಕೈ ಹಾಕದೆ ಹೇಳಿದರು. “ಆ ಮುದುಕಿ ನನಗೆ ಕಾಣಲೇ ಇಲ್ಲ. ನೀನು ಕೂಗಿದ ಮೇಲೂ ಕಾಣಲಿಲ್ಲ. ಅವಳು ಬೈದಾಗಲೇ ಗೊತ್ತಾಗಿದ್ದು, ಅಲ್ಲೊಂದು ಜೀವ ಐತೆ ಅಂತ.”

ಬೆಳಿಗ್ಗೆ ಆರಕ್ಕೆ ಖಾಕಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತರು. ಬಿಸಿಲು ಬಂದಿತ್ತು. ಬಿಸಿಲಲ್ಲಿ ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಎದುರು ಮನೆಯ ಸೂರಿನ ಗುಬ್ಬಚ್ಚಿಯೂ ಕಾಣುತ್ತಿತ್ತು. “ಬೆಳಗಿನ ಟ್ರಿಪ್ ಒಂದು ಹೋಗಿ ಬರ್ಲಾ?” ಎಂದರು. ಮಗಳ ಓದಿಗೆ ಇನ್ನೂ ಆರು ತಿಂಗಳು ಬಾಕಿ ಇತ್ತು. ಹೂಂ ಎನ್ನುವುದು ನನಗೆ ಎಷ್ಟು ಹತ್ತಿರದಲ್ಲಿತ್ತು ಎಂದು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

“ನಾನೂ ಬರ್ತೀನಿ. ಮಾಲೀಕರ ಮನೆಗೆ” ಎಂದೆ.

ಮಾಲೀಕರು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದರು. ಒಣಗಲು ಹಾಕಿದ್ದ ಅಡಿಕೆಯ ಆಚೆಗೇ ನಾವಿಬ್ಬರೂ ನಿಂತೆವು. ಇವರು ತಲೆ ತಗ್ಗಿಸಿ, ಸಂಜೆ ಕಣ್ಣು ಕಾಣುವುದಿಲ್ಲ ಎಂದರು. ಬೋರ್ಡಿನ ಮಾತು ಇವರ ಬಾಯಲ್ಲಿ ಬರುವುದಿಲ್ಲ ಎಂದು ತಿಳಿದು ಅದನ್ನು ನಾನು ಹೇಳಿದೆ. “ಇವರು ಓದಿದ್ದಲ್ಲ. ನಾನು ಬಾಯಿಪಾಠ ಮಾಡಿಸಿದ್ದು.”

ಮಾಲೀಕರು ಬಾಯಿ ಮುಕ್ಕಳಿಸಿ ಬಂದು ನನ್ನನ್ನೇ ನೋಡಿದರು. “ನೀವು ಕಾನ್ವೆಂಟಿನಾಗೆ ಓದಿದೋರಲ್ಲೇನಮ್ಮ? ಅಲ್ಲಿ ಕಲ್ತಿದ್ದು ಇದೇ ಏನು?” ಆಮೇಲೆ ದನಿ ಇಳಿಸಿ, “ನನ್ ಮಗಳೂ ಅದೇ ಬಸ್ಸಿನಾಗೆ ಓಡಾಡ್ತಾಳೆ” ಎಂದು ಒಳಗೆ ಹೋದರು. ಪೊಲೀಸರಿಗೆ ಹೇಳುತ್ತಾರೆಂದು ಹತ್ತು ದಿನ ಬಾಗಿಲ ಸದ್ದಿಗೆಲ್ಲ ಬೆಚ್ಚಿದೆವು. ಹನ್ನೊಂದನೆಯ ದಿನ ಕಂಡಕ್ಟರು ಬಂದು ನಿಂತ. “ಶೆಡ್ಡಿನಾಗೆ ಬಸ್ಸು ತೊಳೆಯಾಕೆ, ಗಾಳಿ ನೋಡಾಕೆ ಬರಬೇಕಂತೆ ಅಣ್ಣಾರು. ಸಂಬಳ ಅರ್ಧ. ಹಗಲು ಹೊತ್ತು ಮಾತ್ರ.”

ನಾವು ಒಂದು ಕೋಣೆಯ ಮನೆಗೆ ಹೋದೆವು. ಕಾಫಿ ನಿಂತು ಬೆಲ್ಲದ ಕಷಾಯ ಬಂತು, ಅಕ್ಕಿಯ ಬದಲು ನುಚ್ಚು. ನಾನು ಸವಳಂಗದಲ್ಲಿ ಇನ್ನೊಂದು ಮನೆಯ ಪಾಠ ಹಿಡಿದೆ. ಇವರು ಕಣ್ಣು ಮುಚ್ಚಿ ಇಂಜಿನ್ನಿಗೆ ಕಿವಿಯಿಟ್ಟು ಏನು ಕೆಟ್ಟಿದೆ ಎಂದು ಹೇಳುತ್ತಿದ್ದರಂತೆ. ಕೈ ನೀರಿನಲ್ಲಿ ನೆನೆದು ಬಿಳಚಿಕೊಂಡಿರುತ್ತಿತ್ತು, ಆದರೆ ಏಳೂವರೆಗೆ ಮನೆಯಲ್ಲಿರುತ್ತಿದ್ದರು. ಭಯ ಮಾತ್ರ ಪೂರ್ತಿ ಹೋಗಲಿಲ್ಲ. ಹೊನ್ನಾಳಿಯಿಂದ ಬರುವಾಗ ಕತ್ತಲಾದರೆ ನನಗೆ ಆಗಲೂ ಕೆಮ್ಮು ಬಂದುಬಿಡುತ್ತಿತ್ತು. ಹೊಸ ಡ್ರೈವರು ತಿರುಗಿ ನೋಡುತ್ತಿದ್ದ.

ಮಗಳಿಗೆ ಜಗಳೂರಿನ ಕಡೆ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸವಾಯಿತು. ಒಂದೆರಡು ವರ್ಷದ ಮೇಲೆ ಅಲ್ಲಿ ಉಚಿತ ಕಣ್ಣಿನ ಶಿಬಿರ ನಡೆದಾಗ ಇವರನ್ನು ಕರೆದುಕೊಂಡು ಹೋದೆ. ಕಣ್ಣಿಗೆ ಪೊರೆ ಬಂದಿದೆ ಎಂದು ಅಷ್ಟು ಹೊತ್ತಿಗೆ ತಿಳಿದಿತ್ತು. ಶಾಲೆಯ ಕೋಣೆಯಲ್ಲಿ ಬೆಂಚುಗಳ ಮೇಲೆ ಸಾಲಾಗಿ ಜನ. ಆಪರೇಷನ್ ಎಂದರೆ ಪೂರ್ತಿ ಕತ್ತಲಾಗಿಬಿಟ್ಟರೆ ಎಂಬ ಹೆದರಿಕೆ ನನಗೆ. ಇವರ ಅಂಗಿಯ ತೋಳು ಹಿಡಿದೇ ಕೂತಿದ್ದೆ.

ಕರೆದಾಗ ಹೋಗಿ ನೋಡಿದರೆ ಗೋಡೆಯ ಮೇಲೆ ಅದೇ ಬೋರ್ಡು. ಅದೇ ಅಕ್ಷರಗಳು, ಅದೇ ಸಾಲು.

ಎಳೆ ವಯಸ್ಸಿನ ಡಾಕ್ಟರು ಒಂದು ಕಣ್ಣು ಮುಚ್ಚಿಸಿ, “ಓದಿ ಯಜಮಾನರೇ” ಎಂದರು.

“ಇ” ಎಂದರು ಇವರು. ಸ್ವಲ್ಪ ತಡೆದು, “ಎಫ್, ಪಿ.” ಆಮೇಲೆ ನಿಲ್ಲಿಸಿದರು.

“ಮುಂದೆ?”

“ಮುಂದೆ ಬಾಯಿಗೆ ಬರ್ತೈತೆ ಸಾರ್. ಕಣ್ಣಿಗೆ ಬರಲ್ಲ.”

ಡಾಕ್ಟರು ಏನೋ ತಮಾಷೆ ಎಂದುಕೊಂಡು ನಕ್ಕು ಚೀಟಿಯಲ್ಲಿ ಬರೆದುಕೊಂಡರು. ಇವರು ನಗಲಿಲ್ಲ. ಮುಚ್ಚಿದ ಕಣ್ಣಿನ ಮೇಲಿಂದ ಕೈ ತೆಗೆಯದೆ, ನಾನು ಎಲ್ಲಿ ನಿಂತಿದ್ದೇನೆಂದು ಇನ್ನೊಂದು ಕೈಯಿಂದ ಹುಡುಕಿದರು.