ಆರು ಗುಡಾಣ ಮಳೆನೀರು

ನಾನು ಈ ಮಾತು ಆಡುತ್ತಿರುವ ಹಲ್ಲುಗಳು ಸಾಬ್ರಾನ್ ಅಣ್ಣನ ಕೈಕೆಲಸ. ಮೇಲಿನ ಸಾಲು ಪೂರ್ತಿ, ಕೆಳಗೆ ನಾಲ್ಕು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಸಡಿಲವಾಗಿಲ್ಲ. ನನ್ನ ಬಾಯಿ ದಿನಕ್ಕೆ ಎಷ್ಟು ಓಡುತ್ತದೆ ಎಂದು ಗೊತ್ತಿದ್ದವರಿಗೆ ಇದು ಸಣ್ಣ ಮಾತಲ್ಲ ಎಂದು ತಿಳಿಯುತ್ತದೆ. ಹಾಗಾಗಿ ಅವನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈಯುವುದಿದ್ದರೆ ನಾನು ಬೈಯುತ್ತೇನೆ, ನೀವು ಸುಮ್ಮನಿರಿ.

ಪೊಂಟಿಯಾನಾಕ್‌ನ ನಮ್ಮ ಓಣಿಯಲ್ಲಿ ನನ್ನ ಕಾಫಿ ಅಂಗಡಿ. ಗೋಡೆಗೆ ಗೋಡೆ ತಾಗಿಕೊಂಡು ಅವನ ಹಲ್ಲಿನ ಅಂಗಡಿ, ಹಿಂದೆಯೇ ಅವನ ಮನೆ. ಅಂಗಡಿಯ ಬೋರ್ಡಿನ ಮೇಲೆ ಕೆಂಪು ತುಟಿ, ಅದರೊಳಗೆ ಬಿಳಿ ಹಲ್ಲು. ಅವನು ಡಾಕ್ಟರಲ್ಲ, ಹಲ್ಲು ಕಟ್ಟುವವನು. ಅಪ್ಪನಿಂದ ಕಲಿತ ಕಸುಬು. ಬೊಚ್ಚು ಬಾಯಿಯವರು ಬಂದು ಕುಳಿತರೆ ಮೇಣದಲ್ಲಿ ಅಚ್ಚು ತೆಗೆದು, ವಾರದಲ್ಲಿ ನಗುವಂತೆ ಮಾಡಿ ಕಳಿಸುತ್ತಿದ್ದ.

ಹೀಗೆ ಬಾಯಿ ತೆರೆದು ಕುಳಿತವರ ಕಣ್ಣಿಗೆ ನೇರವಾಗಿ ಬೀಳುತ್ತಿದ್ದದ್ದು ಗಾಜಿನ ತೊಟ್ಟಿ. ಅದರೊಳಗೆ ಒಂದೇ ಒಂದು ಬುಂಟಾಲ್ ಮೀನು. ಕೋಪ ಬಂದರೆ ಹೊಟ್ಟೆ ಉಬ್ಬಿಸಿಕೊಂಡು ಚೆಂಡಾಗುವ ಜಾತಿ. ಅಂಗೈ ಅಗಲದ ಮೈ, ಮನುಷ್ಯರ ಹಾಗೆ ಮುಂದಕ್ಕೆ ಚಾಚಿದ ಹಲ್ಲು. ಹೆಸರು ಗೆಮೊಕ್, ಅಂದರೆ ಡುಮ್ಮ.

ಅದನ್ನು ತಂದವಳು ಅವನ ಒಬ್ಬಳೇ ಮಗಳು ಮೈಸಾರಾ. ಒಂಬತ್ತು ವರ್ಷದವಳು, ನದಿ ದಂಡೆಯ ಸಂತೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಓಡಿ ಬಂದಿದ್ದಳು. ಆಗ ಅದು ಹೆಬ್ಬೆರಳಿನಷ್ಟಿತ್ತು. ಇಷ್ಟೇ ಇರುತ್ತದೆ, ಬೆಳೆಯುವುದಿಲ್ಲ ಎಂದು ಮಾರಿದವನು ಆಣೆ ಇಟ್ಟಿದ್ದನಂತೆ. ಅವನ ಬಾಯಿಗೆ ಮಣ್ಣು ಬೀಳ! ಮೊದಲ ವಾರದಲ್ಲೇ ಅದು ತೊಟ್ಟಿಯಲ್ಲಿದ್ದ ಉಳಿದ ಮೀನುಗಳ ಬಾಲ ಕತ್ತರಿಸಿತು, ಆಮೇಲೆ ಮೀನುಗಳನ್ನೇ ಮುಗಿಸಿತು. ಒಂದು ದಿನ ಸಾಬ್ರಾನ್ ಅಣ್ಣನ ತೋರುಬೆರಳಿನ ತುದಿಯನ್ನೂ ಕಿತ್ತುಕೊಂಡಿತು.

“ನನ್ನ ಹೊಟ್ಟೆಪಾಡೇ ಈ ಬೆರಳಿನಲ್ಲಿದೆ ಅಂತ ಇದಕ್ಕೆ ಗೊತ್ತಾಗ್ಬಿಟ್ಟಿದೆ” ಎಂದು ಅವನು ಬಟ್ಟೆ ಸುತ್ತಿಕೊಂಡು ನಕ್ಕಿದ್ದ.

“ಎಣ್ಣೆಗೆ ಹಾಕಿ ಹುರಿದುಬಿಡಣ್ಣ” ಅಂದೆ.

“ತಿಂದವರು ಸಾಯ್ತಾರೆ ಅತ್ತೆ, ಅದರಲ್ಲಿ ವಿಷ ಇದೆ!” ಎಂದು ಮೈಸಾರಾ ನನ್ನ ಮೇಲೆ ಹಾರಿಬಿದ್ದಳು.

“ಅದಕ್ಕೇ ಕಣೇ, ಹುರಿದು ನಿಮ್ಮಪ್ಪನಿಗೇ ಬಡಿಸೋಣ!”

ಅಂಥ ನಗೆಯ ಮನೆ ಅದು. ಅಪ್ಪ ಮಗಳು ಸಂಜೆಯಾದರೆ ಡಬ್ಬಿ ಹಿಡಿದು ಕಾಲುವೆಗೆ ಇಳಿಯುತ್ತಿದ್ದರು, ಬಸವನಹುಳು ಆರಿಸಲು. ಬುಂಟಾಲ್‌ನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಚಿಪ್ಪು ಕಡಿದರೆ ಸವೆಯುತ್ತದೆ, ಇಲ್ಲದಿದ್ದರೆ ಉದ್ದವಾಗಿ ಬಾಯಿ ಮುಚ್ಚಿಹೋಗಿ ಹಸಿವಿನಿಂದ ಸಾಯುತ್ತದೆ. ಚಿಪ್ಪು ಸಾಲದೆ ಹೋದಾಗ ಸಾಬ್ರಾನ್ ಅಣ್ಣನೇ ಕತ್ತರಿಸುತ್ತಿದ್ದ. ಬೋಗುಣಿ ಮಳೆನೀರಿಗೆ ಮೂರೇ ಹನಿ ಲವಂಗದ ಎಣ್ಣೆ ಹಾಕುವುದು, ಹೆಚ್ಚಾದರೆ ಮೀನು ಮತ್ತೆ ಏಳುವುದಿಲ್ಲ. ಗಿರಾಕಿಗಳ ವಸಡಿಗೆ ಹಚ್ಚುವ ಅದೇ ಸೀಸೆ. ಮೀನು ನಿದ್ದೆ ಹೋದ ಕೂಡಲೆ ಒದ್ದೆ ಬಟ್ಟೆಯಲ್ಲಿ ಹಿಡಿದು, ತಂತಿ ಕತ್ತರಿಸುವ ಸಣ್ಣ ಇಕ್ಕಳದಿಂದ ಚಿಟಕ್ ಎಂದು ತುದಿ ತೆಗೆದು, ಬೇರೆ ಬೋಗುಣಿಯ ಬರಿ ನೀರಿನಲ್ಲಿ ಅಂಗೈ ಮೇಲೆ ಆಡಿಸಿದರೆ ಎಚ್ಚರವಾಗುತ್ತಿತ್ತು.

ಹನಿ ಎಣಿಸುವುದು ಮೈಸಾರಾಳ ಕೆಲಸ. “ಒಂದೂ… ಎರಡೂ… ಮೂರೂ, ಸಾಕಪ್ಪಾ!” ಎಂದು ಅವಳು ಕೂಗಿದರೆ ನನ್ನ ಅಂಗಡಿಯಲ್ಲಿ ಕಾಫಿ ಕುಡಿಯುವವರೂ ಲೋಟ ಇಟ್ಟು ಕಿವಿಗೊಡುತ್ತಿದ್ದರು.

ಅವಳಿಗೆ ಹನ್ನೊಂದು ತುಂಬಿದ ವರ್ಷ ಡೆಂಗಿ ಜ್ವರ ಬಂತು. ಐದೇ ದಿನ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಅವಳು ಕೊನೆಗೆ ಕೇಳಿದ್ದು, “ಗೆಮೊಕ್ ತಿಂದನಾ ಅಪ್ಪಾ?” ಎಂದು.

ಸಾಬ್ರಾನ್ ಅಣ್ಣ ಅಳಲಿಲ್ಲ. ಮಗಳಿಗೆ ಮಣ್ಣು ಕೊಟ್ಟು ಬಂದವನು ಕಾಲು ತೊಳೆದು, ನೇರ ತೊಟ್ಟಿಯ ಬಳಿಗೆ ಹೋಗಿ ನೀರು ಬದಲಾಯಿಸಿದ. ಮನೆ ತುಂಬ ಜನ ಮಗುವಿಗಾಗಿ ಯಾಸೀನ್ ಪ್ರಾರ್ಥನೆ ಓದುತ್ತಿದ್ದರು. ಅವನ ಹೆಂಡತಿ ಹಮ್ಸಿಯಾ ಪರದೆಯ ಸಂದಿಯಿಂದ ಗಂಡನನ್ನೇ ನೋಡುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ.

ಅಲ್ಲಿಂದ ಒಂಬತ್ತು ವರ್ಷ ಅವರಿಬ್ಬರೂ ಆ ಮೀನಿನ ಚಾಕರಿ ಮಾಡಿದರು. ಅವನು ಕೈಯಾರೆ, ಇವಳು ಬಾಯಿ ಬಿಗಿಹಿಡಿದು. ಒಬ್ಬರನ್ನೊಬ್ಬರು ಮೈಸಾರಾಪ್ಪ, ಮೈಸಾರಮ್ಮ ಎಂದೇ ಕರೆಯುತ್ತಿದ್ದರು, ಮಗು ಒಳಗೆ ಮಲಗಿದೆಯೇನೋ ಎಂಬಂತೆ. ಹಬ್ಬಕ್ಕೆ ಸಂಬಾಸ್‌ನ ತವರಿಗೆ ಹೋಗೋಣ ಎಂದು ಅವಳು ಪ್ರತಿ ವರ್ಷ ಕೇಳುವಳು. “ಗೆಮೊಕ್‌ಗೆ ಯಾರು ಹಾಕ್ತಾರೆ?” ಎಂದು ಅವನು ಪ್ರತಿ ವರ್ಷ ಹೇಳುವನು. ನಾನು ಹಾಕುತ್ತೇನೆ ಎಂದರೂ ನಂಬಲಿಲ್ಲ. ತಾಯಿ ತೀರಿಕೊಂಡಾಗ ಹಮ್ಸಿಯಾ ಒಬ್ಬಳೇ ಬಸ್ಸು ಹತ್ತಿದಳು.

ನೀರಿನದ್ದಂತೂ ಇನ್ನೊಂದು ಗೋಳು. ಬೇಸಿಗೆಯಲ್ಲಿ ಸಮುದ್ರ ಕಪುವಾಸ್ ನದಿಯೊಳಕ್ಕೆ ನುಗ್ಗುತ್ತದೆ, ನಲ್ಲಿಯಲ್ಲಿ ಉಪ್ಪುನೀರು ಬರುತ್ತದೆ. ಅದಕ್ಕೇ ನಮ್ಮಲ್ಲಿ ಎಲ್ಲರ ಮನೆ ಸೂರಿನಡಿಯೂ ಮಳೆನೀರಿನ ಗುಡಾಣ. ಅವರ ಮನೆಯಲ್ಲಿ ಆರು. ಗೆಮೊಕ್‌ಗೆ ಸಿಹಿನೀರೇ ಆಗಬೇಕು, ಆದ್ದರಿಂದ ನಾಲ್ಕು ಗುಡಾಣ ಅದಕ್ಕೆ, ಎರಡು ಮನುಷ್ಯರಿಗೆ. ಹಮ್ಸಿಯಾ ಉಪ್ಪುನೀರಿನಲ್ಲಿ ಮಿಂದು ಮೈ ತುಂಬ ತುರಿಕೆ ಎಬ್ಬಿಸಿಕೊಂಡಳು.

“ನೀನಾದ್ರೂ ಬೈಯೇ! ನಾನಾಗಿದ್ರೆ ಆ ಮೀನನ್ನ ಎತ್ತಿ ಕಾಲುವೆಗೆ ಬಿಸಾಡ್ತಿದ್ದೆ” ಎಂದು ಒಮ್ಮೆ ರೇಗಿದೆ.

“ಅವಳು ಮುಟ್ಟಿದ್ದರಲ್ಲಿ ಉಸಿರಾಡ್ತಿರೋದು ಅದೊಂದೇ ಅಲ್ವಾ ಅಕ್ಕ” ಎಂದಳು.

ಹೋದ ವರ್ಷ ಮೂರು ತಿಂಗಳು ಮಳೆ ಬೀಳಲಿಲ್ಲ. ಕಾಡು ಸುಟ್ಟ ಹೊಗೆ ಊರಿನ ಮೇಲೆ ಕೂತುಬಿಟ್ಟಿತ್ತು. ಕಾಲುವೆ ಒಣಗಿ ಬಸವನಹುಳು ಸಿಗಲಿಲ್ಲ. ಸಾಬ್ರಾನ್ ಅಣ್ಣ ಸೀಗಡಿ ಸುಲಿದು ಹಾಕಿದ. ಮೆತ್ತನೆಯ ತಿನಿಸಿಗೆ ಹಲ್ಲು ಸವೆಯುವುದುಂಟೇ? ಬೆಳೆದು ಬೆಳೆದು ಒಂದರ ಮೇಲೊಂದು ಏರಿ ಬಾಯಿ ಮುಚ್ಚಿತು. ಗೆಮೊಕ್ ಹನ್ನೊಂದು ದಿನ ಏನೂ ತಿನ್ನಲಿಲ್ಲ. ಡುಮ್ಮನ ಹೊಟ್ಟೆ ಒಳಕ್ಕೆ ಹೋಯಿತು.

ಕತ್ತರಿಸಲೇಬೇಕು. ಆದರೆ ಅವನ ಕೈ ಒಂದು ವರ್ಷದಿಂದ ನಡುಗುತ್ತಿತ್ತು. ಗಿರಾಕಿಗಳನ್ನು ಏನೋ ನೆಪ ಹೇಳಿ ವಾಪಸು ಕಳಿಸುತ್ತಿದ್ದ. ಓಣಿಗೆಲ್ಲ ಗೊತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ನನ್ನ ಹಾಳು ಬಾಯಿ ಮಾತ್ರ ಸುಮ್ಮನಿರಲಿಲ್ಲ. “ಅಣ್ಣ, ನಿನ್ನ ಕೈಲಿ ಕಾಫಿ ಕೊಟ್ರೆ ಅರ್ಧವನ್ನ ತಟ್ಟೆ ಕುಡಿಯುತ್ತೆ, ಅರ್ಧವನ್ನ ನೀನು ಕುಡೀತೀಯ” ಎಂದು ನಾಲ್ಕು ಜನರೆದುರು ಅಂದುಬಿಟ್ಟಿದ್ದೆ. ಅವನು ಅಂದಿನಿಂದ ನನ್ನ ಅಂಗಡಿಗೆ ಬರುವುದನ್ನು ಬಿಟ್ಟ. ಆ ಮಾತಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಹನ್ನೆರಡನೆಯ ದಿನ ಬೆಳಿಗ್ಗೆ ನಾನೇ ಕಾಫಿ ತೆಗೆದುಕೊಂಡು ಹೋದೆ. ಹಮ್ಸಿಯಾ ಉಳಿದಿದ್ದ ಕೊನೆಯ ಗುಡಾಣದ ತಳ ಕೆರೆದು ಎರಡು ಬೋಗುಣಿ ತುಂಬಿಸಿ ತಂದಿಟ್ಟಳು. ಕುಡಿಯಲು ಇಟ್ಟಿದ್ದ ನೀರು ಅದು. ಸಾಬ್ರಾನ್ ಅಣ್ಣ ಎಣ್ಣೆಯ ಸೀಸೆ ತೆಗೆದ. ಸೀಸೆಯ ಬಾಯಿ ಬೋಗುಣಿಯ ಅಂಚಿಗೆ ಬಡಿದು ಕಟಕಟ ಎನ್ನುತ್ತಿತ್ತು.

“ಕೊಡಿ ಮೈಸಾರಾಪ್ಪ, ನಾನು ಹಾಕ್ತೀನಿ” ಎಂದಳು ಹಮ್ಸಿಯಾ.

“ಬೇಡ.”

“ಹೋಗ್ಲಿ, ಎಣಿಸ್ಲಾ?”

“ಎಣಿಸೋದು ನಿನ್ನ ಕೆಲಸ ಅಲ್ಲ.”

ಅವನ ದನಿ ಜೋರಾಗಿರಲಿಲ್ಲ. ಆದರೂ ಹಮ್ಸಿಯಾ ಕೆನ್ನೆಗೆ ಹೊಡೆಸಿಕೊಂಡವಳಂತೆ ಎರಡು ಹೆಜ್ಜೆ ಹಿಂದೆ ಸರಿದಳು. ಒಂಬತ್ತು ವರ್ಷ ಆ ಎಣಿಕೆಯ ಜಾಗವನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಹೆತ್ತವಳಿಗೂ. ನನ್ನ ಬಾಯಿ, ಯಾವತ್ತೂ ಮುಚ್ಚದ ಬಾಯಿ, ಆವತ್ತು ಮುಚ್ಚಿಕೊಂಡಿತು. ಎಣ್ಣೆ ಬಿತ್ತು. ನಾನು ಅವನ ಕೈಯನ್ನು ನೋಡಲಾರದೆ ಬಾಗಿಲ ಕಡೆ ತಿರುಗಿದ್ದೆ.

ಮೀನು ನಿದ್ದೆ ಹೋಯಿತು. ಇಕ್ಕಳ ಎರಡು ಸಲ ಜಾರಿ, ಮೂರನೆಯದಕ್ಕೆ ಹಲ್ಲು ಕತ್ತರಿಸಿತು. ಸೊಗಸಾಗಿ ಕತ್ತರಿಸಿದ, ಸುಳ್ಳು ಹೇಳಬಾರದು. ಬರಿ ನೀರಿಗೆ ಬಿಟ್ಟು ಅಂಗೈ ಮೇಲೆ ಆಡಿಸತೊಡಗಿದ. ಮುಂದಕ್ಕೆ, ಹಿಂದಕ್ಕೆ. “ಏಳೋ ಡುಮ್ಮಾ, ಹಸಿದಿದ್ದೀಯ, ಏಳು.” ನನ್ನ ಕಾಫಿ ಆರಿತು. ಮಧ್ಯಾಹ್ನದ ಬಾಂಗು ಕೂಗಿತು. ಯಾವತ್ತೂ ನಮಾಜು ತಪ್ಪಿಸದವನು ಏಳಲಿಲ್ಲ. ಮುಂದಕ್ಕೆ, ಹಿಂದಕ್ಕೆ.

“ಸಾಕು ಬಿಡಿ” ಎಂದಳು ಹಮ್ಸಿಯಾ. “ಹೋಯ್ತು.”

“ಮೂರೇ ಹನಿ ಹಾಕಿದ್ದು ನಾನು!”

“ಏಳು.”

ಅವನು ತಲೆಯೆತ್ತಿ ನೋಡಿದ.

“ಮನಸ್ಸಿನಲ್ಲೇ ಎಣಿಸಿದೆ. ಏಳು ಬಿತ್ತು.”

“ಮತ್ಯಾಕೆ ಬಾಯಿ ಬಿಡ್ಲಿಲ್ಲ?”

“ನನ್ನ ಕೆಲಸ ಅಲ್ಲ ಅಂದ್ರಲ್ಲ.”

ಅವಳು ಸಿಟ್ಟಿಗೆ ಸುಮ್ಮನಿದ್ದಳೋ, ಹೆದರಿ ಸುಮ್ಮನಿದ್ದಳೋ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಸಾಬ್ರಾನ್ ಅಣ್ಣ ಮೀನನ್ನು ಎದೆಗೆ ಒತ್ತಿಕೊಂಡ. ಅಂಗಿಯೆಲ್ಲ ಒದ್ದೆಯಾಯಿತು. “ಮೈಸಾರಾ, ನನ್ನ ಕಂದಾ, ನಿನ್ನನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ವಲ್ಲೇ” ಎಂದು ನೆಲಕ್ಕೆ ಕುಸಿದ. ಒಂಬತ್ತು ವರ್ಷ ತಡೆದಿದ್ದ ಅಳು. ಓಣಿಯ ಜನ ಬಾಗಿಲಿಗೆ ಬಂದರು, ನಾನು ಬೈದು ಅಟ್ಟಿದೆ.

ಹಮ್ಸಿಯಾ ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಅವನ ನಡುಗುವ ಕೈ ಎರಡನ್ನೂ ತನ್ನ ಮಡಿಲಿಗೆ ಎಳೆದುಕೊಂಡಳು. “ಅಳಿ” ಎಂದಳು. “ಒಬ್ಬಳೇ ಅತ್ತೂ ಅತ್ತೂ ನನಗೆ ಸಾಕಾಗಿದೆ.”

ಮೀನನ್ನು ಹಿತ್ತಲಿನ ರಂಬುಟಾನ್ ಮರದ ಬುಡದಲ್ಲಿ ಹೂತರು. ನಾಲ್ಕನೆಯ ದಿನಕ್ಕೆ ಮಳೆ ಬಂತು. ಎಂಥ ಮಳೆ ಅಂತೀರಿ, ಹೊಗೆಯನ್ನೆಲ್ಲ ತೊಳೆದುಕೊಂಡು ಹೋಯಿತು. ಬೆಳಿಗ್ಗೆ ನೋಡಲು ಹೋದರೆ ಇಬ್ಬರೂ ಸೂರಿನ ಕೆಳಗೆ ನಿಂತಿದ್ದರು. ಆರು ಗುಡಾಣವೂ ತುಂಬಿ ಹೊರಚೆಲ್ಲುತ್ತಿತ್ತು.

“ಇಷ್ಟು ನೀರು ಏನು ಮಾಡೋದು ಮೈಸಾರಮ್ಮ?” ಎಂದು ಅವನು ಕೇಳಿದ.

ಅವಳು ಒಂದು ಚೊಂಬು ತುಂಬಿಸಿ ಅವನ ಕೈಗೆ ಕೊಟ್ಟಳು. ಚೆಲ್ಲದಿರಲೆಂದು ತನ್ನ ಕೈಯನ್ನೂ ಕೆಳಗೆ ಹಿಡಿದಳು. “ಕುಡೀರಿ” ಎಂದಳು. “ಕುಡಿಯೋಕೆ ನಾವಿಬ್ಬರೇ ಇರೋದು.”