ಒಂದು ಎಲೆಗೆ ಗೇಟ್ ಪಾಸ್

ಬೊಮ್ಮಸಂದ್ರದ ಒಂದು ಮಾತ್ರೆ ಫ್ಯಾಕ್ಟರಿಗೆ ಪಂಪ್ ರಿಪೇರಿಗೆ ಹೋಗಿದ್ದೆ ಕಣ್ರೀ. ರಿಸೆಪ್ಷನ್ನಲ್ಲಿ ಇಡ್ಲಿ ಥರ ಎಲೆ ಉಬ್ಬಿರೋ ಸಕ್ಯುಲೆಂಟ್ ಗಿಡ ಇತ್ತು. ಒಂದೆಲೆ ಮಣ್ಣಿನ ಮೇಲಿಟ್ರೂ ಬೇರು ಬಿಡೋ ಜಾತಿ. ನಮ್ಮನೆಯವಳಿಗೆ ಆ ಗಿಡ ಅಂದ್ರೆ ಪ್ರಾಣ. ಮೆಲ್ಲಗೆ ಒಂದೆಲೆ ಕಿತ್ತು ಟಿಫಿನ್ ಡಬ್ಬಿಗೆ ಹಾಕ್ಕೊಂಡೆ.

ಗೇಟಲ್ಲಿ ಸೆಕ್ಯುರಿಟಿಯವ್ನು ಡಬ್ಬಿ ತೆಗೆಸ್ದ. "ಕಂಪ್ನಿ ಮಾಲು ಸಾರ್. ಗೇಟ್ ಪಾಸ್ ಎಲ್ಲಿ?"

"ಎಲೆ ಕಣಪ್ಪಾ!"

"ಇರ್ಲಿ ಸಾರ್. ರಿಟರ್ನಬಲ್ಲಾ, ನಾನ್ ರಿಟರ್ನಬಲ್ಲಾ? ವಾಪಸ್ ತರಲ್ಲ ಅಂದ್ರೆ ಮ್ಯಾನೇಜರ್ ಸೈನ್ ಬೇಕು."

"ತರ್ತೀನಿ, ಬರ್ಕೋ" ಅಂದ್ಬಿಟ್ಟೆ.

ಮುಂದಿನ ಸರ್ವೀಸಿಗೆ ಹೋದ್ರೆ ಒಳಗೇ ಬಿಡ್ಲಿಲ್ಲ. "ನಿಮ್ದು ಎಲೆ ಬಾಕಿ ಇದೆ ಸಾರ್!"

ಮನೆಗೆ ಓಡ್ದೆ. ಅಷ್ಟೊತ್ತಿಗೆ ಎಲೆ ಹೋಗಿ ಕುಂಬಳಕಾಯಿ ಗಾತ್ರದ ಗಿಡ ಆಗಿತ್ತು. "ಗಿಡ ಕೊಟ್ಬಂದ್ರೆ ಊಟ ಇಲ್ಲ" ಅಂತ ಹೆಂಡ್ತಿ ಬೀದಿವರ್ಗೂ ಕೂಗಿದ್ಳು. ಕುಂಡನ ಸ್ಕೂಟರ್ ಮೇಲೆ ಮಗು ಥರ ಕೂರಿಸ್ಕೊಂಡು ಗೇಟಿಗೆ ತಂದೆ.

ಸೆಕ್ಯುರಿಟಿಯವ್ನು ತಲೆ ಕೆರ್ಕೊಂಡ. "ಹೋಗಿದ್ದು ಎಲೆ, ಬಂದಿರೋದು ಗಿಡ. ಟ್ಯಾಲಿ ಆಗಲ್ಲ ಸಾರ್."

ಅವನ ಬಾಯಿಗೆ ಸಕ್ಕರೆ ಹಾಕ್ಬೇಕು ಅನ್ನಿಸ್ತು! ಒಂದೆಲೆ ಕಿತ್ತು ಕೈಗಿಟ್ಟೆ. ಟ್ಯಾಲಿ ಆಯ್ತು, ಗಿಡ ಮನೆಗೆ ಬಂತು.

ಆ ಎಲೆನ ಅವ್ನು ಗೇಟ್ ಪಕ್ಕ ನೆಟ್ಟ. ಈಗಲ್ಲಿ ಎಂಥಾ ಕಾಡು ಅಂದ್ರೆ, ಲಾರಿಯವ್ರು ಗೇಟ್ ಹುಡುಕ್ತಾ ಹಾರ್ನ್ ಹೊಡೀತಾರೆ. ಸುಳ್ಳು ಅನ್ಸಿದ್ರೆ ಹೋಗಿ ನೋಡಿ. ಎಲೆ ಮಾತ್ರ ಮುಟ್ಬೇಡಿ.